ಆಶ್ಲೇಷ ಮಳೆಗೆ ಮುಂಚೆ ಕಾವೇರಿ ದಂಡೆಯಲ್ಲಿ

ಸಿದ್ದಾಪುರ ಪೇಟೆ ದಾಟಿ ನೆಲ್ಯಹುದಿಕೇರಿ ಕಡೆಗೆ ಹೊರಟವರಿಗೆ ಕಾವೇರಿ ಸೇತುವೆ ಎದುರಾಗುತ್ತದೆ. ಜೂನ್ ತಿಂಗಳ ಮೊದಲ ವಾರ. ರೋಹಿಣಿ ಮಳೆ ಆಗೊಮ್ಮೆ ಈಗೊಮ್ಮೆ ಜೋರಾಗಿ ಬಂದು ಹೋಗಿದೆ, ಮೃಗಶಿರಾ ಇನ್ನೂ ಹುಟ್ಟಿಲ್ಲ. ಹೊಳೆ ಬಂಡೆಗಳ ಸಂದಿನಲ್ಲಿ ಕವಲು ಕವಲಾಗಿ ಹರಿಯುತ್ತಿದೆ; ಮಂಡಿಯುದ್ದದ ನೀರಿನಲ್ಲಿ ಹುಡುಗರು ಗಾಳ ಹಾಕಿ ನಿಂತಿದ್ದಾರೆ. ಈ ಹೊಳೆ ಮನೆ ನುಂಗುತ್ತದೆ ಎಂದರೆ ಹೊರಗಿನವರು ನಂಬುವುದು ಕಷ್ಟ. ಆದರೆ ತಲೆ ಎತ್ತಿ ದಂಡೆಯ ಮರಗಳನ್ನು ನೋಡಬೇಕು. ಆಳೆತ್ತರಕ್ಕಿಂತ ಎಷ್ಟೋ ಮೇಲೆ, ಕೊಂಬೆಗಳ ಕವಲಿನಲ್ಲಿ, ಹಳೆಯ ಸೀರೆಯ ಚೂರು, ಗೊಬ್ಬರದ ಚೀಲ, ಬಿದಿರಿನ ಕಸ ಸಿಕ್ಕಿಕೊಂಡಿವೆ. ನೀರು ಎಲ್ಲಿಯವರೆಗೆ ಏರಿತ್ತು ಎಂದು ಕೇಳಿದರೆ ದಂಡೆಯವರು ಬೆರಳು ಮಾಡಿ ತೋರಿಸುವುದು ಅದನ್ನೇ.

ಕೊಡಗಿನ ಈಚಿನ ದುರಂತಗಳೆಲ್ಲ ಹೆಚ್ಚುಕಡಿಮೆ ಒಂದೇ ಮಳೆನಕ್ಷತ್ರದ ಸುತ್ತ ನಡೆದಿವೆ. 2018ರ ಆಗಸ್ಟ್ ಮಧ್ಯದಲ್ಲಿ ಮಡಿಕೇರಿಯಲ್ಲಿ ಒಂದೇ ದಿನ ಸುಮಾರು 300 ಮಿಲಿಮೀಟರ್ ಮಳೆ ಸುರಿದು ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮದೆನಾಡು, ಜೋಡುಪಾಲದ ಬೆಟ್ಟಗಳು ಜರಿದವು. 2019ರ ಆಗಸ್ಟ್ 9ರಂದು ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಮನೆಗಳ ಮೇಲೆ ಗುಡ್ಡ ಬಂದು ಬಿತ್ತು. ಅದೇ ವಾರ ಕಾವೇರಿ ಈ ಸೇತುವೆಯ ಎರಡೂ ಬದಿಯ ಮನೆಗಳನ್ನು ಕೆಡವಿತು. 2020ರ ಆಗಸ್ಟ್ 6ರಂದು ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆ ಮಣ್ಣುಪಾಲಾಯಿತು, ಐವರು ಹೋದರು. ಆಗಸ್ಟ್ 3ರ ಸುಮಾರಿಗೆ ಹುಟ್ಟಿ ಹದಿನಾರರವರೆಗೆ ಇರುವುದು ಆಶ್ಲೇಷ. ಇನ್ನೆರಡು ತಿಂಗಳಲ್ಲಿ ಅದು ಮತ್ತೆ ಬರುತ್ತದೆ. ಬರುವುದು ಗೊತ್ತಿರುವ ಮಳೆಗೆ ಊರು ಹೇಗೆ ಅಣಿಯಾಗುತ್ತದೆ, ಆ ಅಣಿಯಲ್ಲಿ ಯಾರ ಮಾತಿಗೆ ಜಾಗವಿದೆ ಎಂದು ನೋಡುವುದಕ್ಕೇ ಈ ದಾರಿಯಲ್ಲಿ ನಡೆದೆ.

ಸಿದ್ದಾಪುರದ ಮಗ್ಗುಲಲ್ಲೇ ಕರಡಿಗೋಡು. ಕಾಫಿ ತೋಟದ ಬೇಲಿಗೂ ಹೊಳೆಗೂ ನಡುವೆ ಉಳಿದ ಕಿರಿದಾದ ಪಟ್ಟಿಯಲ್ಲಿ ಮನೆಗಳು ಸಾಲಾಗಿವೆ. ಮುಂದೆ ಮಣ್ಣುದಾರಿ, ಹಿತ್ತಲಿಗೆ ನೇರ ಹೊಳೆ. ಸಿಮೆಂಟು ಇಟ್ಟಿಗೆಯ ಗೋಡೆ, ತಗಡಿನ ಮಾಡು. ಕೆಲವು ಮನೆಗಳ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಒಂದು ಬಣ್ಣ, ಅದರ ಮೇಲೆ ಇನ್ನೊಂದು. ಕೆಳಗಿನದು ನೀರು ನಿಂತು ಕೊಳೆತ ಗಾರೆ ಕಿತ್ತು ಹೊಸದಾಗಿ ಮೆತ್ತಿದ್ದು. ಹಿತ್ತಲಲ್ಲಿ ಮರಳು ತುಂಬಿದ ಚೀಲಗಳನ್ನು ಮೆಟ್ಟಿಲಂತೆ ಜೋಡಿಸಿಟ್ಟಿದ್ದಾರೆ. ಪ್ರತಿ ವರ್ಷ ದಂಡೆ ಒಂದಿಷ್ಟು ಒಳಗೆ ಸರಿಯುತ್ತದೆ. ಮೊದಲು ಇಲ್ಲೊಂದು ಸೌದೆ ಕೊಟ್ಟಿಗೆ ಇತ್ತು, ಅಲ್ಲೊಂದು ಹಲಸಿನ ಮರ ಇತ್ತು ಎಂದು ಅವರು ಕೈ ತೋರಿಸಿದ ಕಡೆ ಈಗ ನೀರಿದೆ.

ಇಲ್ಲಿರುವವರು ತೋಟಗಳಲ್ಲಿ ದಿನಗೂಲಿ ಮಾಡುವವರು, ಗಾರೆ ಕೆಲಸದವರು, ಆಟೊ ಓಡಿಸುವವರು, ಮೀನು ಮಾರುವವರು. ಒಂದು ಮನೆಯಲ್ಲಿ ಮಲಯಾಳ, ಪಕ್ಕದಲ್ಲಿ ತಮಿಳು, ಅದರಾಚೆ ಕನ್ನಡ. ಮಕ್ಕಳು ಮೂರನ್ನೂ ಬೆರೆಸಿ ಆಡುತ್ತವೆ. ಅಜ್ಜನ ಕಾಲದಲ್ಲಿ ತೋಟದ ಕೆಲಸಕ್ಕೆಂದು ಬಂದ ಮನೆತನಗಳೂ ಇವೆ. ಕೂಲಿಗಳಿಗೆಂದು ತೋಟದವರು ಕೊಟ್ಟ ಲೈನ್‌ಮನೆಯಲ್ಲಿ ಇದ್ದಷ್ಟು ಕಾಲ ಇದ್ದು, ಕೆಲಸ ಬಿಟ್ಟ ಮೇಲೆ ಹೋಗಲು ಬೇರೆ ಜಾಗವಿಲ್ಲದೆ ಹೊಳೆದಂಡೆಯ ಪೈಸಾರಿಯಲ್ಲಿ ಗುಡಿಸಲು ಹಾಕಿಕೊಂಡು, ಅದನ್ನೇ ಮನೆ ಮಾಡಿಕೊಂಡವರು ಇವರು. ಪೈಸಾರಿ ಎಂದರೆ ಕೊಡಗಿನಲ್ಲಿ ಸರ್ಕಾರಿ ಜಾಗ. ವಿದ್ಯುತ್ ಮೀಟರು ಇದೆ, ರೇಷನ್ ಕಾರ್ಡು ಇದೆ, ಮತದ ಚೀಟಿಯೂ ಇದೆ. ಹಕ್ಕುಪತ್ರ ಮಾತ್ರ ಇಲ್ಲ.

ಮಳೆಗಾಲ ಶುರುವಾಗುತ್ತಿದ್ದಂತೆ ಇವರಿಗೆ ನೋಟಿಸು ಬರುತ್ತದೆ: ಸುರಕ್ಷಿತ ಸ್ಥಳಕ್ಕೆ ತೆರಳಬೇಕು. ಆ ಸುರಕ್ಷಿತ ಸ್ಥಳ ಎಲ್ಲಿದೆ ಎಂಬುದಕ್ಕೆ ಉತ್ತರ ಕಾಳಜಿ ಕೇಂದ್ರ, ಅಂದರೆ ಹತ್ತಿರದ ಶಾಲೆಯೋ ಸಮುದಾಯ ಭವನವೋ. ಹೋಗುವುದಕ್ಕೆ ಇವರು ಹಿಂದೇಟು ಹಾಕುತ್ತಾರೆ. ಕೊನೆಯ ಗಳಿಗೆಯವರೆಗೆ ಮನೆಯಲ್ಲೇ ಕೂತಿರುತ್ತಾರೆ ಎಂದು ಅಧಿಕಾರಿಗಳಿಗೆ ಬೇಸರ. ಮೊಂಡುತನ, ತಿಳಿವಳಿಕೆ ಇಲ್ಲ, ಜಾಗೃತಿ ಮೂಡಿಸಬೇಕು ಎಂಬ ಮಾತುಗಳು ಆಗ ಹುಟ್ಟುತ್ತವೆ. ನಾನು ಕಂಡದ್ದು ಬೇರೆ. ಆಡು, ಕೋಳಿಯನ್ನು ಕೇಂದ್ರಕ್ಕೆ ಕರೆದೊಯ್ಯುವಂತಿಲ್ಲ, ಬಿಟ್ಟು ಹೋದರೆ ಅವು ಉಳಿಯುವುದಿಲ್ಲ. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸುವುದಕ್ಕೆ ಮರೆ ಬೇಕು. ಹಾಸಿಗೆ ಹಿಡಿದ ಮುದುಕರನ್ನು ಬೆಂಚಿನ ಮೇಲೆ ಮಲಗಿಸಲಾಗದು. ಇವೆಲ್ಲಕ್ಕಿಂತ ದೊಡ್ಡ ಭಯ ಒಂದಿದೆ: ಒಮ್ಮೆ ಬಿಟ್ಟು ಹೋದರೆ ಮತ್ತೆ ಈ ಜಾಗಕ್ಕೆ ಕಾಲಿಡಲು ಬಿಡುತ್ತಾರೋ ಇಲ್ಲವೋ. ನಾನು ಪುಸ್ತಕ ತೆಗೆದದ್ದೇ ತಡ, ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಅಜ್ಜಿಯೊಬ್ಬರು, “ಹೆಸ್ರು ಮಾತ್ರ ಬರ್ಕೊಬೇಡಮ್ಮಾ” ಅಂದರು. ಬರೆದುಕೊಳ್ಳಲಿಲ್ಲ.

ಆ ಭಯವನ್ನು ಅರಿಯದೆ ಇಲ್ಲಿ ಯಾವ ಯೋಜನೆಯನ್ನೂ ಮಾಡಲಾಗದು ಎಂದು ನನಗೆ ಖಚಿತವಾಗಿ ಅನ್ನಿಸಿದ್ದು ಆ ಹೊಸ್ತಿಲಲ್ಲಿ. ಇಲ್ಲಿಂದ ಹೆಚ್ಚು ದೂರವಿಲ್ಲದ ದಿಡ್ಡಳ್ಳಿಯಲ್ಲಿ 2016ರ ಡಿಸೆಂಬರ್‌ನಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲು ತೆರವಾದವು. ದೀರ್ಘ ಹೋರಾಟದ ಬಳಿಕ ಅವರಿಗೆ ಬ್ಯಾಡಗೊಟ್ಟ, ಬಸವನಹಳ್ಳಿಗಳಲ್ಲಿ ಮನೆ ಸಿಕ್ಕವು. ಈ ಭಾಗದ ಬಡವರಿಗೆಲ್ಲ ಆ ಚಿತ್ರ ಕಣ್ಣಿಗೆ ಕಟ್ಟಿದಂತಿದೆ. ಹೆಸರು ಪಟ್ಟಿಗೆ ಸೇರುವುದು ರಕ್ಷಣೆಗೋ ತೆರವಿಗೋ ಎಂದು ತಿಳಿಯದ ಮನುಷ್ಯ ಪಟ್ಟಿಯಿಂದ ತಪ್ಪಿಸಿಕೊಳ್ಳುತ್ತಾನೆ. ಅಪಾಯದ ಪಟ್ಟಿ ತಯಾರಿಸುವವರು ಮೊದಲು ಕೊಡಬೇಕಾದ ಮಾತು ಇದು: ಈ ಪಟ್ಟಿ ನಿಮ್ಮನ್ನು ಎಬ್ಬಿಸುವುದಕ್ಕಲ್ಲ, ಬದಲಿ ಜಾಗ ಕೈಗೆ ಬರುವವರೆಗೆ ಈ ನೆಲದ ಮೇಲಿನ ನಿಮ್ಮ ವಾಸವನ್ನು ಇದು ಮುಟ್ಟುವುದಿಲ್ಲ. ಆ ಮಾತನ್ನು ಬರವಣಿಗೆಯಲ್ಲಿ ಕೊಟ್ಟರೆ ಜನ ತಾವಾಗಿಯೇ ಬಂದು ಹೆಸರು ಬರೆಸುತ್ತಾರೆ.

ಇಲ್ಲಿಯವರಿಗೆ ತಿಳಿವಳಿಕೆ ಇಲ್ಲ ಎನ್ನುವವರು ಒಂದು ಸಂಜೆ ಇವರ ಜಗಲಿಯಲ್ಲಿ ಕೂರಬೇಕು. ಸಿದ್ದಾಪುರದಲ್ಲಿ ಬೀಳುವ ಮಳೆಗೆ ಇವರು ಹೆದರುವುದಿಲ್ಲ. ಇವರ ಕಿವಿಯೆಲ್ಲ ಪಶ್ಚಿಮಕ್ಕೆ. ತಲಕಾವೇರಿಯಲ್ಲಿ, ಭಾಗಮಂಡಲದಲ್ಲಿ ಎಷ್ಟು ಸುರಿಯಿತು ಎಂಬುದೇ ಲೆಕ್ಕ. ಭಾಗಮಂಡಲದ ಸಂಗಮದಲ್ಲಿ ರಸ್ತೆ ಮುಳುಗಿತೇ, ನಾಪೋಕ್ಲು ಬಳಿ ಚೆರಿಯಪರಂಬಿನ ಗದ್ದೆಗೆ ನೀರು ಹತ್ತಿತೇ, ಬೇತ್ರಿ ಸೇತುವೆಯ ಹತ್ತಿರ ಹೊಳೆ ಎಲ್ಲಿದೆ, ಕೊಂಡಂಗೇರಿಯಲ್ಲಿ ಏನು ಸುದ್ದಿ ಎಂದು ಬಂಧುಗಳಿಗೆ, ಪರಿಚಯದವರಿಗೆ ಫೋನು ಹೋಗುತ್ತದೆ. ಆ ನೀರು ಗುಹ್ಯ, ಕರಡಿಗೋಡಿಗೆ ಬರುವುದಕ್ಕೆ ಹೊತ್ತು ಹಿಡಿಯುತ್ತದೆ. ನೀರಿನ ಬಣ್ಣ ಕೆಂಪಿನಿಂದ ಕಪ್ಪಿಗೆ ತಿರುಗಿದರೆ ಮೇಲೆಲ್ಲೋ ಗುಡ್ಡದ ಮಣ್ಣು ಸೇರಿದೆ ಎಂದು ಅರ್ಥ. ಬುಡಸಹಿತ ಮರ ತೇಲಿ ಬಂದರೆ ಸಾಮಾನು ಕಟ್ಟಬೇಕು. ಹೊಳೆಗೆ ಸೇರುವ ತೋಡಿನ ನೀರು ಮುಂದೆ ಹೋಗದೆ ಹಿಂದಕ್ಕೆ ಒತ್ತತೊಡಗಿದರೆ, ಮುಂಬಾಗಿಲ ಕಡೆಯಿಂದಲೂ ನೀರು ಬರುತ್ತದೆ, ಆಗ ಹೊರಡುವುದಕ್ಕೂ ದಾರಿ ಇರುವುದಿಲ್ಲ. ಈ ಕೊನೆಯ ಸಂಗತಿಯನ್ನು ನಾನು ಯಾವ ನಕ್ಷೆಯಲ್ಲೂ ಕಂಡಿರಲಿಲ್ಲ. ದಂಡೆಯಿಂದ ಮೇಲಕ್ಕೆ ಹೋಗುವ ದಾರಿ ಎಲ್ಲಿ ಮೊದಲು ಮುಚ್ಚುತ್ತದೆ ಎಂಬುದು ಜೀವ ಉಳಿಸುವ ಮಾಹಿತಿ. ಅದನ್ನು ಬಲ್ಲವರು ಇಲ್ಲಿದ್ದಾರೆ, ನಕ್ಷೆ ಬರೆಯುವವರು ಬೇರೆ ಕಡೆ ಇದ್ದಾರೆ.

ಕರಡಿಗೋಡಿನಿಂದ ಒಂದು ತೋಟದ ದಾರಿ ಹಿಡಿದರೆ ಲೈನ್‌ಮನೆಗಳು. ಉದ್ದನೆಯ ಒಂದೇ ಮಾಡಿನ ಕೆಳಗೆ ಒತ್ತಾಗಿ ಕೋಣೆಗಳು, ಮುಂದೆ ಒಂದೇ ಜಗಲಿ. ತೋಟಗಳ ಈ ಸಾಲುಗಳಲ್ಲಿ ಆದಿವಾಸಿಗಳಾದ ಯರವರು, ಕುರುಬರು ಇದ್ದಾರೆ, ತಮಿಳರು ಇದ್ದಾರೆ. ಈಚೆಗೆ ಅಸ್ಸಾಮಿನಿಂದ ಬಂದ ಕುಟುಂಬಗಳೂ ಸೇರಿವೆ. ಕಾಫಿ ಕುಯ್ಲು, ಮರಕಪಾತು, ಕಳೆ ಎಂದು ತೋಟದ ಕೆಲಸವೆಲ್ಲ ಇವರ ಕೈಯಲ್ಲೇ ನಡೆಯುತ್ತದೆ. ಒಂದು ಸಾಲಿನ ಹಿಂದೆ ಕಡಿದಾದ ಬರೆ ಇತ್ತು. ಮನೆ ಕಟ್ಟುವುದಕ್ಕೆಂದು ಗುಡ್ಡದ ಮಗ್ಗುಲನ್ನು ನೆಟ್ಟಗೆ ಕಡಿದಾಗ ಉಳಿಯುವ ಮಣ್ಣಿನ ಗೋಡೆಯೇ ಬರೆ. ಮಳೆಗಾಲದಲ್ಲಿ ಕೊಡಗಿನ ಪತ್ರಿಕೆಗಳನ್ನು ತೆರೆದರೆ ‘ಬರೆ ಕುಸಿತ’ದ ಸುದ್ದಿಯಿಲ್ಲದ ದಿನವಿಲ್ಲ. ಈ ಬರೆಯ ಬುಡದಲ್ಲಿ ಮೇ ತಿಂಗಳಲ್ಲೂ ತೇವ ಆರಿರಲಿಲ್ಲವಂತೆ. ಮಳೆ ಹಿಡಿದ ಮೇಲೆ ಅಲ್ಲಿಂದ ಜಲ ಏಳುತ್ತದೆ, ಒಲೆಯ ಪಕ್ಕದಲ್ಲೇ ನೀರು ಒಸರುತ್ತದೆ ಎಂದು ಅಡುಗೆ ಮಾಡುವ ಹೆಂಗಸರು ಹೇಳಿದರು. ನೆಲದೊಳಗಿನ ನೀರು ಹೊರಬರುವ ಜಾಗ ಬದಲಾಗುವುದು, ತಿಳಿಯಾಗಿದ್ದದ್ದು ಕೆಸರಾಗುವುದು ಭೂಕುಸಿತದ ಮೊದಲ ಸೂಚನೆಗಳು ಎಂದು ಭೂವಿಜ್ಞಾನ ಹೇಳುತ್ತದೆ. ಅದನ್ನು ದಿನವೂ ನೋಡುವವರಿಗೆ ಅದನ್ನು ಯಾರಿಗೆ ಹೇಳಬೇಕು ಎಂಬುದು ತಿಳಿದಿಲ್ಲ.

ಹೇಳುವ ಜಾಗ ಯಾವುದು? ಇಲ್ಲಿ ಕಾನೂನಿನ ಒಂದು ಸರಪಳಿಯನ್ನು ಬಿಡಿಸಿ ನೋಡಬೇಕು, ಏಕೆಂದರೆ ಈ ಲೈನ್‌ಮನೆಯ ಹೆಂಗಸರು ಯೋಜನೆಯಿಂದ ಹೊರಗೆ ಉಳಿಯುವುದು ಅಲ್ಲಿಯೇ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಪ್ರಾಧಿಕಾರ ಜಿಲ್ಲೆಯ ಯೋಜನೆಯನ್ನು ತಯಾರಿಸಬೇಕು. ಯಾವ ಪ್ರದೇಶ ಯಾವ ವಿಪತ್ತಿಗೆ ಒಡ್ಡಿಕೊಂಡಿದೆ, ಅದನ್ನು ತಗ್ಗಿಸಲು ಏನು ಕ್ರಮ ಎಂಬುದೆಲ್ಲ ಅದರಲ್ಲಿ ಇರಬೇಕು, ಪ್ರತಿ ವರ್ಷ ಅದನ್ನು ಪರಿಷ್ಕರಿಸಬೇಕು. ಅದನ್ನು ಸ್ಥಳೀಯ ಸಂಸ್ಥೆಗಳೊಂದಿಗೆ ಸಮಾಲೋಚಿಸಿ ಮಾಡಬೇಕು ಎಂದೂ ಕಾಯ್ದೆ ಹೇಳಿದೆ. ಸ್ಥಳೀಯ ಸಂಸ್ಥೆ ಎಂದರೆ ಇಲ್ಲಿ ಗ್ರಾಮ ಪಂಚಾಯಿತಿ. ಪಂಚಾಯಿತಿಗೆ ಜನರ ಮಾತು ಮುಟ್ಟುವುದು ಗ್ರಾಮಸಭೆಯಲ್ಲಿ. ಗ್ರಾಮಸಭೆಯ ಸದಸ್ಯರು ಯಾರು? ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವವರು. ಅಸ್ಸಾಮಿನಿಂದ ಬಂದ ಕೂಲಿಯ ಹೆಸರು ಅಲ್ಲಿಲ್ಲ. ತೋಟದಿಂದ ತೋಟಕ್ಕೆ ಹೋಗುವ ಕುಟುಂಬಗಳ ಹೆಸರು ಎಷ್ಟೋ ಸಲ ಹಳೆಯ ಊರಿನಲ್ಲಿ ಉಳಿದಿರುತ್ತದೆ, ಇಲ್ಲವೇ ಎಲ್ಲಿಯೂ ಇರುವುದಿಲ್ಲ. ಬರೆಯ ಬುಡದಲ್ಲಿ ಮಲಗುವವರು ಬರೆಯ ಬಗ್ಗೆ ನಿರ್ಧರಿಸುವ ಸಭೆಯ ಸದಸ್ಯರೇ ಅಲ್ಲ. ಇದು ಯಾರೂ ಬೇಕೆಂದು ಮಾಡಿದ ಅನ್ಯಾಯವಲ್ಲ. ಯಾರೂ ಸರಿಪಡಿಸದೆ ಬಿಟ್ಟಿರುವುದು. ಸಭೆಗೆ ಬಂದು ಮಾತಾಡುವುದಕ್ಕೆ ಮತದ ಹಕ್ಕು ಇರಲೇಬೇಕೆಂದಿಲ್ಲ. ಪಂಚಾಯಿತಿ ಮನಸ್ಸು ಮಾಡಿದರೆ ಅವರನ್ನು ಕರೆದು ಕೂರಿಸಿ ಕೇಳಬಹುದು, ಹೇಳಿದ್ದನ್ನು ನಡಾವಳಿಯಲ್ಲಿ ಬರೆಯಬಹುದು.

ಕರೆದರೂ ಅವರು ಬರುವ ಹಾಗಿರಬೇಕು. ಪಂಚಾಯಿತಿಯ ಮುಂದಿನ ವರ್ಷದ ಯೋಜನೆಗೆ ಅಭಿಯಾನ ಅಕ್ಟೋಬರ್ 2ರಿಂದ ಶುರುವಾಗುತ್ತದೆ, ಸಭೆಗಳು ಚಳಿಗಾಲದುದ್ದಕ್ಕೂ ನಡೆಯುತ್ತವೆ. ಕೊಡಗಿನಲ್ಲಿ ನವೆಂಬರ್, ಡಿಸೆಂಬರ್ ಎಂದರೆ ಅರೇಬಿಕಾ ಕುಯ್ಲು. ಜನವರಿ, ಫೆಬ್ರವರಿ ರೊಬಸ್ಟಾ. ಕುಯ್ದ ಹಣ್ಣಿನ ತೂಕಕ್ಕೆ ಕೂಲಿ. ಬೆಳಿಗ್ಗೆ ಹನ್ನೊಂದಕ್ಕೆ ಪಂಚಾಯಿತಿ ಕಚೇರಿಯಲ್ಲಿ ಸಭೆ ಎಂದರೆ ಒಂದು ದಿನದ ಅನ್ನ ಬಿಟ್ಟು ಬರಬೇಕು. ಬಂದವರು ಯಾರೆಂದು ಸಭೆಯ ಸಹಿಪುಸ್ತಕ ನೋಡಿದರೆ ತಿಳಿಯುತ್ತದೆ: ಗುತ್ತಿಗೆದಾರರು, ತೋಟದ ಮಾಲೀಕರು, ಪಕ್ಷದ ಕಾರ್ಯಕರ್ತರು, ಸ್ವಸಹಾಯ ಸಂಘದ ಕೆಲವು ಮಹಿಳೆಯರು. ಅಲ್ಲಿ ಆಗುವ ಚರ್ಚೆ ರಸ್ತೆಗೆ, ಮೋರಿಗೆ. ಅದೇ ಸಭೆ ಸಂತೆಯ ದಿನ ನಡೆದರೆ? ಕೊಡಗಿನ ತೋಟಗಳಿಗೆ ಆಯಾ ಊರಿನ ಸಂತೆಯ ದಿನವೇ ರಜೆ. ಸಂಬಳ ಕೈಯಲ್ಲಿ ಹಿಡಿದು ಲೈನ್‌ಮನೆಯವರೆಲ್ಲ ಪೇಟೆಗೆ ಇಳಿಯುತ್ತಾರೆ. ಸಂತೆಮಾಳದ ಅಂಚಿನಲ್ಲೇ ಒಂದು ಪೆಂಡಾಲು ಹಾಕಿ ಮಧ್ಯಾಹ್ನ ಮೂರಕ್ಕೆ ಕೇಳಿದರೆ ಬರೆಯ ಕಥೆ, ಹೊಳೆಯ ಕಥೆ ತಾನಾಗಿಯೇ ಬರುತ್ತದೆ. ಕನ್ನಡದ ಜೊತೆಗೆ ಮಲಯಾಳ, ತಮಿಳು ಬಲ್ಲ ಒಬ್ಬರು ಬೇಕು, ಯರವರ ಮಾತು ತಿಳಿದವರು ಬೇಕು. ಹುಡುಕಬೇಕಿಲ್ಲ, ಅಂಗನವಾಡಿಯಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ ಅಂಥವರು ಇದ್ದಾರೆ.

ಆಶಾ ಕಾರ್ಯಕರ್ತೆಯರ ಮಾತು ಬಂದದ್ದಕ್ಕೆ ಇನ್ನೊಂದನ್ನು ಹೇಳಬೇಕು. ಯಾವ ಮನೆಯಲ್ಲಿ ತುಂಬು ಗರ್ಭಿಣಿ ಇದ್ದಾಳೆ, ಯಾರು ಡಯಾಲಿಸಿಸ್‌ಗೆ ಹೋಗುತ್ತಾರೆ, ಯಾವ ಮುದುಕರು ಎದ್ದು ನಡೆಯಲಾರರು, ಯಾವ ಮಗುವಿಗೆ ಕಿವಿ ಕೇಳುವುದಿಲ್ಲ ಎಂದು ಬೀದಿ ಬೀದಿಯ ವಿವರ ಇವರ ಬಾಯಲ್ಲಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಒಂದು ಕರ್ತವ್ಯ ವಹಿಸಿದೆ: ಜಿಲ್ಲೆಯ ವಿಕಲಚೇತನರ ವಿವರಗಳ ದಾಖಲೆ ಇಟ್ಟುಕೊಂಡು, ಅಪಾಯ ಎದುರಾದಾಗ ಅವರಿಗೆ ತಿಳಿಯುವ ರೀತಿಯಲ್ಲಿ ಮುನ್ಸೂಚನೆ ಕೊಡಬೇಕು. ಧ್ವನಿವರ್ಧಕ ಕಟ್ಟಿದ ಆಟೊ ಕೂಗಿಕೊಂಡು ಹೋದರೆ ಕಿವಿ ಕೇಳದವರಿಗೆ ಅದು ಮುನ್ಸೂಚನೆ ಆಗುವುದಿಲ್ಲ. ಮನೆ ಬಾಗಿಲಿಗೆ ಒಬ್ಬರು ಹೋಗಲೇಬೇಕು. ಯಾರು ಹೋಗಬೇಕು, ಯಾರನ್ನು ಯಾರು ಎತ್ತಿಕೊಂಡು ಹೊರಡಬೇಕು, ಯಾವ ಜೀಪು ಎಂಬುದನ್ನು ಮೊದಲೇ ಹೆಸರು ಹಿಡಿದು ಗೊತ್ತು ಮಾಡುವುದು ಗೋಡೆ ಕಟ್ಟುವುದಕ್ಕಿಂತ ಕಡಿಮೆ ಖರ್ಚಿನ ಕೆಲಸ, ಹೆಚ್ಚು ಜೀವ ಉಳಿಸುವ ಕೆಲಸ.

ಸೇತುವೆ ದಾಟಿ ನೆಲ್ಯಹುದಿಕೇರಿಗೆ ಬಂದರೆ ಬೆಟ್ಟದಕಾಡು, ಕುಂಬಾರಗುಂಡಿ. 2019ರ ನೆರೆಯಲ್ಲಿ ಇಲ್ಲಿ ಸಾಲು ಸಾಲು ಮನೆಗಳು ನೆಲಸಮವಾದವು. ಸಂತ್ರಸ್ತರು ತಿಂಗಳುಗಟ್ಟಲೆ ಶಾಲೆಯ ಕೊಠಡಿಗಳಲ್ಲಿ ಕಳೆದರು, ಜಾಗಕ್ಕಾಗಿ ಧರಣಿ ಕೂತರು. ಅವರಿಗಾಗಿ ಅಭ್ಯತ್‌ಮಂಗಲದಲ್ಲಿ ಜಾಗ ಗುರುತಿಸಲಾಯಿತು. ಅಲ್ಲಿಗೆ ಹೋಗುವ ರಸ್ತೆ ಕಾಫಿ ತೋಟಗಳ ನಡುವೆ ಏರುತ್ತಾ ಹೋಗುತ್ತದೆ, ಹೊಳೆಯ ಸದ್ದು ಹಿಂದೆ ಉಳಿಯುತ್ತದೆ. ಎತ್ತರದ ಜಾಗ, ನೆರೆಯ ಭಯವಿಲ್ಲ. ಆದರೆ ಪೇಟೆ ದೂರ, ಕೆಲಸ ದೂರ, ಆಸ್ಪತ್ರೆ ದೂರ. ದಂಡೆಯ ಬದುಕನ್ನು ಎತ್ತರಕ್ಕೆ ಒಯ್ಯುವಾಗ ಇವನ್ನೆಲ್ಲ ಜೊತೆಗೆ ಒಯ್ಯದಿದ್ದರೆ, ಮನೆ ಸಿಕ್ಕವರೂ ಬೇಸಿಗೆಯಲ್ಲಿ ದಂಡೆಗೆ ಮರಳಿ ಬರುತ್ತಾರೆ.

ಇದೇ ಹೊಳೆ ಕೆಳಗೆ ದುಬಾರೆ ದಾಟಿ ಕುಶಾಲನಗರಕ್ಕೆ ಹೋಗುತ್ತದೆ. ಅಲ್ಲಿ ಕುವೆಂಪು ಬಡಾವಣೆ, ಸಾಯಿ ಬಡಾವಣೆಗಳು 2018ರಲ್ಲೂ 2019ರಲ್ಲೂ ಮುಳುಗಿದವು. ಅಲ್ಲಿಯವರು ನಿವೇಶನ ಕೊಂಡು ಮನೆ ಕಟ್ಟಿದವರು, ಕಾಗದಪತ್ರ ಉಳ್ಳವರು. ಹೊಳೆಯ ಹೂಳು ತೆಗೆಯಿರಿ, ತಡೆಗೋಡೆ ಕಟ್ಟಿರಿ ಎಂಬ ಅವರ ಮನವಿ ಸಚಿವರವರೆಗೆ ಹೋಯಿತು. ಅವರ ಸಂಕಟವೂ ಸಣ್ಣದಲ್ಲ. ಆದರೆ ಒಂದೇ ಹೊಳೆ, ಒಂದೇ ವಾರ ಮುಳುಗಿಸಿದ ಎರಡು ಊರುಗಳಲ್ಲಿ ಒಂದಕ್ಕೆ ಮನವಿ ಬರೆಯುವ ಕೈ ಇತ್ತು, ಇನ್ನೊಂದಕ್ಕೆ ನೋಟಿಸು ಪಡೆಯುವ ಕೈ ಮಾತ್ರ ಇತ್ತು.

ಚೆಟ್ಟಳ್ಳಿ ಮೇಲೆ ಮಡಿಕೇರಿಗೆ ಹತ್ತಿದೆ. ಈ ರಸ್ತೆಯ ಎರಡೂ ಬದಿಯ ತೋಟದ ಮನೆಗಳಲ್ಲಿ ಒಂದು ಅಮೂಲ್ಯ ವಸ್ತು ಇದೆ: ಮಳೆಯ ಪುಸ್ತಕ. ಬೆಳೆಗಾರರು ಅಂಗಳದ ಮಳೆಮಾಪಕವನ್ನು ದಿನವೂ ಬೆಳಿಗ್ಗೆ ನೋಡಿ ಇಂಚು, ಸೆಂಟಿನ ಲೆಕ್ಕದಲ್ಲಿ ಬರೆದಿಡುತ್ತಾರೆ. ಕೆಲವು ಮನೆಗಳಲ್ಲಿ ತಂದೆ, ಅಜ್ಜ ಬರೆದದ್ದೂ ಇದೆ. ಇಬ್ಬರು ಬೆಳೆಗಾರರು ಸಿಕ್ಕರೆ ಮೊದಲ ಮಾತು, ನಿಮ್ಮಲ್ಲಿ ಎಷ್ಟು ಇಂಚಾಯಿತು? ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ, ಅದು ದೊಡ್ಡ ಕೆಲಸ. ಆದರೆ ಕೊಡಗಿನಲ್ಲಿ ಗುಡ್ಡದ ಈ ಬದಿಗೂ ಆ ಬದಿಗೂ ಮಳೆಯಲ್ಲಿ ಅಜಗಜಾಂತರ. ಒಂದು ಪಂಚಾಯಿತಿಗೆ ಒಂದು ಮಾಪಕ ಸಾಲದು. ನೆರೆಯ ವಯನಾಡಿನಲ್ಲಿ ಹ್ಯೂಮ್ ಪರಿಸರ ಕೇಂದ್ರ ಇಂಥ ಸ್ಥಳೀಯ ಮಾಪಕಗಳ ಜಾಲವನ್ನೇ ಕಟ್ಟಿದೆ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲದ ಮೇಲೆ ಬೆಟ್ಟ ಇಳಿಯುವ ಹಿಂದಿನ ದಿನವೇ ಆ ಲೆಕ್ಕ ನೋಡಿ ಅಪಾಯದ ಸೂಚನೆ ಕೊಟ್ಟಿತ್ತು. ಅಳತೆ ಇದ್ದರೆ ಸಾಲದು, ಅಳತೆಯಿಂದ ಮನೆ ಬಾಗಿಲಿನವರೆಗೆ ದಾರಿ ಇರಬೇಕು ಎಂಬುದನ್ನು ಅಲ್ಲಿ ಸತ್ತ ನೂರಾರು ಜನ ತೋರಿಸಿ ಹೋದರು. ಕೊಡಗಿನಲ್ಲಿ ಬೆಳೆಗಾರರ ಪುಸ್ತಕದ ಇಂಚು ಅದೇ ತೋಟದ ಲೈನ್‌ಮನೆಗೆ ತಲುಪುವುದಿಲ್ಲ. ನಡುವಿನ ದೂರ ಒಂದು ಅಂಗಳ, ಒಂದು ಇಳಿಜಾರು, ಅಷ್ಟೆ.

ಮಡಿಕೇರಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಇಂದಿರಾನಗರ, ಚಾಮುಂಡೇಶ್ವರಿ ನಗರಗಳ ಮೆಟ್ಟಿಲು ಹತ್ತಿ ಇಳಿದೆ. ಒಂದು ಮನೆಯ ಮಾಡಿನ ಮಟ್ಟಕ್ಕೆ ಇನ್ನೊಂದರ ಅಂಗಳ. 2018ರಲ್ಲಿ ಇಲ್ಲಿಯೂ ನೆಲ ಜಾರಿತ್ತು. ಮೇಲಿನ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಕೆಳಗಿನ ಮನೆಯವರ ಜೀವದ ಪ್ರಶ್ನೆ. ಇಡೀ ಬೀದಿ ಒಟ್ಟಿಗೆ ಕೂತು ಮಾತಾಡದೆ ಬಗೆಹರಿಯದ ಸಮಸ್ಯೆ ಇದು; ಯಾವ ಎಂಜಿನಿಯರೂ ಒಬ್ಬರೇ ಬಂದು ಸರಿಮಾಡಲಾರರು.

ಸೋಮವಾರಪೇಟೆ ರಸ್ತೆಯಲ್ಲಿ ಮಕ್ಕಂದೂರು ದಾಟುವಾಗ ಹೊಸಬರಿಗೆ ಏನೂ ಕಾಣು‌ವುದಿಲ್ಲ. ಬೆಟ್ಟದ ಗಾಯಗಳ ಮೇಲೆ ಹಸಿರು ಹಬ್ಬಿದೆ. ಊರಿನವರು ತೋರಿಸಿದಾಗಲಷ್ಟೇ ಒಂದು ಪಟ್ಟಿಯಲ್ಲಿ ಹಳೆಯ ಮರಗಳೇ ಇಲ್ಲ, ಬರೀ ಕುರುಚಲು ಎಂದು ಗೊತ್ತಾಗುತ್ತದೆ. ಅಲ್ಲಿ ತೋಟವಿತ್ತು, ಮನೆಯಿತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ 2018ರ ಕುಸಿತಗಳನ್ನು ಅಧ್ಯಯನ ಮಾಡಿ, ಅತಿ ಮಳೆಯ ಜೊತೆಗೆ ರಸ್ತೆಗೂ ಕಟ್ಟಡಗಳಿಗೂ ಇಳಿಜಾರನ್ನು ಅಡ್ಡಾದಿಡ್ಡಿ ಕಡಿದದ್ದನ್ನು ಕಾರಣವಾಗಿ ಹೇಳಿತು. ಬೆಟ್ಟ ಕಡಿಯಲು ಯಾರಿಗೆ ಅನುಮತಿ ಕೊಡಬೇಕು ಎಂಬ ತೀರ್ಮಾನ ಕೆಳಗಿನ ಕೊಲ್ಲಿಯಲ್ಲಿ ವಾಸಿಸುವವರನ್ನು ಕೇಳದೆ ಆಗಿಬಿಡುತ್ತದೆ. ಮಾಧವ ಗಾಡ್ಗೀಳರ ಪಶ್ಚಿಮ ಘಟ್ಟ ಸಮಿತಿ 2011ರಲ್ಲಿ ವರದಿ ಕೊಟ್ಟಾಗ ಅದರ ತಿರುಳು, ಇಂಥ ತೀರ್ಮಾನಗಳನ್ನು ಗ್ರಾಮಸಭೆಗಳ ಮುಂದಿಟ್ಟು ಜನರೊಂದಿಗೆ ಚರ್ಚಿಸಿ ಮಾಡಬೇಕು ಎಂಬುದಾಗಿತ್ತು. ಆ ಚರ್ಚೆ ನಡೆಯಲಿಲ್ಲ. ನಡೆಯದ ಕಡೆ ವದಂತಿ ನಡೆಯಿತು. ನಮ್ಮನ್ನು ಎಬ್ಬಿಸುತ್ತಾರೆ ಎಂಬ ಭಯ ಬೆಟ್ಟದ ಮೇಲಿನವರಲ್ಲೂ ಹಬ್ಬಿತು. ಹೊಳೆದಂಡೆಯ ಅಜ್ಜಿಯ ಭಯವೂ ಇದೂ ಒಂದೇ ಬೇರಿನವು.

ಮಾದಾಪುರದ ಹತ್ತಿರ ಜಂಬೂರು. 2020ರ ಜೂನ್‌ನಲ್ಲಿ ಇಲ್ಲಿಯೂ ಮದೆನಾಡಿನಲ್ಲಿಯೂ ಸೇರಿ 463 ಮನೆಗಳನ್ನು 2018ರ ಕುಸಿತದ ಸಂತ್ರಸ್ತರಿಗೆ ಹಸ್ತಾಂತರಿಸಲಾಯಿತು. ಜಂಬೂರಿನಲ್ಲಿ ಮನೆ ಕಟ್ಟುವುದಕ್ಕೆ ಇನ್ಫೊಸಿಸ್ ಪ್ರತಿಷ್ಠಾನವೂ ಕೈಜೋಡಿಸಿತ್ತು. ಒಂದೇ ಅಳತೆಯ, ಒಂದೇ ನಕ್ಷೆಯ ಅಚ್ಚುಕಟ್ಟು ಮನೆಗಳು ಸಾಲು ಸಾಲಾಗಿ ನಿಂತಿವೆ, ರಸ್ತೆ ಇದೆ, ದೀಪ ಇದೆ. ಎಲ್ಲವನ್ನೂ ಕಳೆದುಕೊಂಡವರಿಗೆ ಇಷ್ಟು ಬೇಗ ಇಷ್ಟು ಗಟ್ಟಿ ಮನೆ ಸಿಕ್ಕದ್ದು ಸಣ್ಣ ಸಾಧನೆಯಲ್ಲ, ಅದನ್ನು ಮನಸಾರೆ ಹೇಳಬೇಕು. ಆದರೆ ಬೆಟ್ಟದ ಮೇಲೆ ಒಂಟಿ ಮನೆಯಲ್ಲಿ, ಕಣದ ಮುಂದೆ, ಹಟ್ಟಿಯ ಪಕ್ಕ ಬದುಕಿದವರು ಈಗ ಗೋಡೆಗೆ ಗೋಡೆ ಹತ್ತಿರವಾಗಿ ಇದ್ದಾರೆ. ದನ ಕಟ್ಟಲು ಜಾಗವಿಲ್ಲ. ಉಳಿದ ತೋಟ ನೋಡಲು ಬಸ್ಸು ಹಿಡಿದು ಹಳೆಯ ಊರಿಗೆ ಹೋಗುತ್ತಾರೆ. ಮಳೆಗಾಲದಲ್ಲಿ ಕಾಳುಮೆಣಸಿಗೂ ಏಲಕ್ಕಿಗೂ ಆರೈಕೆ ಬೇಕು, ಬೆಟ್ಟ ಅಪಾಯ ತರುವುದೂ ಆಗಲೇ. ಹಗಲು ಅಲ್ಲಿ, ರಾತ್ರಿ ಇಲ್ಲಿ ಇರುವ ಇವರಿಗೆ ಎಚ್ಚರಿಕೆ ಕೊಡಬೇಕಾದದ್ದು ಯಾವ ಪಂಚಾಯಿತಿ? ಈ ಪ್ರಶ್ನೆಯನ್ನು ಕೇಳಿದವರು ಜಂಬೂರಿನ ಒಬ್ಬ ನಡುವಯಸ್ಸಿನ ಹೆಂಗಸು, ನಾನಲ್ಲ. ಮನೆಯ ನಕ್ಷೆ ಮಾಡುವಾಗ ಇವರಂಥ ನಾಲ್ಕು ಜನರನ್ನು ಕೂರಿಸಿ ಕೇಳಿದ್ದರೆ ಹಟ್ಟಿಗೊಂದು ಮೂಲೆ, ಕಾಫಿ ಒಣಗಿಸಲು ಎಲ್ಲರಿಗೂ ಸೇರಿ ಒಂದು ಕಣ ಆ ನಕ್ಷೆಯಲ್ಲಿ ಬರುತ್ತಿತ್ತು.

ಜನರನ್ನು ಸೇರಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ದೇಶದೊಳಗೇ ಸಾಕ್ಷಿ ಇದೆ. 1999ರ ಮಹಾ ಚಂಡಮಾರುತದಲ್ಲಿ ಒಡಿಶಾದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರಲ್ಲಿ ಫೈಲಿನ್ ಬಂದಾಗ ಸಾವು ಕೆಲವು ಹತ್ತುಗಳಿಗೆ ಇಳಿದಿತ್ತು. ಹವಾಮಾನ ಮುನ್ಸೂಚನೆ ಸುಧಾರಿಸಿದ್ದು, ಆಶ್ರಯ ಕಟ್ಟಡಗಳು ಬಂದದ್ದು ನಿಜ. ಅದರೊಂದಿಗೆ ಹಳ್ಳಿಹಳ್ಳಿಯಲ್ಲಿ ಸಮಿತಿ ಕಟ್ಟಿ, ಯಾರು ಯಾರ ಬಾಗಿಲು ತಟ್ಟಬೇಕು ಎಂಬುದನ್ನು ಬೇಸಿಗೆಯಲ್ಲೇ ಅಭ್ಯಾಸ ಮಾಡಿಸಿದ್ದರು. ಕೊಡಗಿಗೆ ಹೀಗೆ ಒಬ್ಬರಿಗೊಬ್ಬರು ಒದಗುವ ಗುಣ ಹೊಸದೇನಲ್ಲ. 2018ರಲ್ಲಿ ಸೇನೆ ತಲುಪುವ ಮೊದಲು ಕುಸಿದ ಗುಡ್ಡಗಳ ಮೇಲೆ ಹಗ್ಗ ಹಿಡಿದು ಹೋಗಿ ಮುದುಕರನ್ನು ಹೊತ್ತು ತಂದವರು ಊರಿನ ಯುವಕರೇ. ಯಾವ ಕಾಲುದಾರಿ ಉಳಿದಿರಬಹುದು ಎಂದು ಗೊತ್ತಿದ್ದದ್ದು ಅವರಿಗೆ.

2022ರಲ್ಲಿ ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯವು ವಿಪತ್ತು ನಿರ್ವಹಣಾ ಯೋಜನೆಯೊಂದನ್ನು ಹೊರತಂದು, ಪಂಚಾಯಿತಿಗಳು ತಮ್ಮ ಮಟ್ಟದಲ್ಲೇ ಇಂಥ ಯೋಜನೆ ಮಾಡಿ ಅದನ್ನು ಗ್ರಾಮದ ಅಭಿವೃದ್ಧಿ ಯೋಜನೆಗೆ ಜೋಡಿಸಬೇಕು ಎಂದಿದೆ. ನಮ್ಮ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಗ್ರಾಮಸಭೆಗಿಂತ ಕೆಳಗೆ ವಾರ್ಡ್ ಸಭೆ, ಅದಕ್ಕೂ ಕೆಳಗೆ ಜನವಸತಿ ಸಭೆ ಎಂಬ ಮೆಟ್ಟಿಲುಗಳಿವೆ. ಜನವಸತಿ ಎಂದರೆ ಕರಡಿಗೋಡಿನ ದಂಡೆಯೂ ಆಗಬಹುದು, ಒಂದು ಲೈನ್‌ಮನೆಯ ಸಾಲೂ ಆಗಬಹುದು, ಆದಿವಾಸಿಗಳ ಒಂದು ಹಾಡಿಯೂ ಆಗಬಹುದು. ಆ ಸಭೆಯನ್ನು ಬರೆಯ ಬುಡದಲ್ಲೇ, ಹೊಳೆಯ ಅಂಚಲ್ಲೇ ಕೂತು ಮಾಡಬೇಕು. ತೋಡು ಹಿಂದಕ್ಕೆ ಒತ್ತುವ ಜಾಗ, ಜಲ ಏಳುವ ಜಾಗ, ಮೊದಲು ಮುಚ್ಚುವ ದಾರಿ, ಎದ್ದು ನಡೆಯಲಾರದವರ ಮನೆ, ಭಾಗಮಂಡಲದಿಂದ ಫೋನು ಬರುವ ಮನೆ ಇವನ್ನೆಲ್ಲ ಅವರ ಬಾಯಿಂದ ಕೇಳಿ ಒಂದು ಹಾಳೆಯ ಮೇಲೆ ಗುರುತು ಮಾಡಬೇಕು. ಆ ಹಾಳೆಯ ಒಂದು ಪ್ರತಿ ಪಂಚಾಯಿತಿಯಲ್ಲಿ, ಒಂದು ತಹಶೀಲ್ದಾರರ ಬಳಿ, ಒಂದು ತೋಟದ ರೈಟರ (ಗುಮಾಸ್ತರ) ಬಳಿ, ಒಂದು ಅದೇ ಜಗಲಿಯ ಗೋಡೆಯ ಮೇಲೆ ಇರಬೇಕು. ಹಾಳೆಯ ತಲೆಯಲ್ಲಿ, ಇದರಲ್ಲಿ ಹೆಸರಿರುವ ಯಾರನ್ನೂ ಬದಲಿ ಜಾಗ ಕೊಡದೆ ಎಬ್ಬಿಸುವುದಿಲ್ಲ ಎಂದು ಬರೆದು ಅಧಿಕಾರ ಇರುವವರು ಸಹಿ ಹಾಕಬೇಕು.

ಇದಕ್ಕೆ ಹೊಸ ಕಾನೂನು ಬೇಕಿಲ್ಲ, ದೊಡ್ಡ ಅನುದಾನವೂ ಬೇಕಿಲ್ಲ. ಜುಲೈ ಮೂರನೆಯ ವಾರ ಪುಷ್ಯ ಹುಟ್ಟುತ್ತದೆ, ಅದರ ಬೆನ್ನಿಗೇ ಆಶ್ಲೇಷ. ಅಷ್ಟರೊಳಗೆ ಸಿದ್ದಾಪುರಕ್ಕೆ ಇನ್ನೂ ಕೆಲವು ಸಂತೆಗಳಿವೆ.